ಪದವಿಗಾಗಿ ಸಾಲ: ದಾವಣಗೆರೆ, ಚಿತ್ರದುರ್ಗದ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಸಿಇಟಿ ಫಲಿತಾಂಶ ಬಂದು, ಬೇಕಾದ ಕಾಲೇಜು, ಕೋರ್ಸುಗಳನ್ನು ತುಂಬುವ ಆಪ್ಷನ್ ಎಂಟ್ರಿ ಆರಂಭವಾಗುವ ಹೊತ್ತಿಗೆ ದಾವಣಗೆರೆಯ ನಮ್ಮ ಮನೆಗೆ ಜಗಳೂರು, ಚನ್ನಗಿರಿ, ಹೊಳಲ್ಕೆರೆ, ಚಳ್ಳಕೆರೆ ಕಡೆಯ ಪೋಷಕರು ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ವಾಣಿಜ್ಯಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು ನಾನು. ಲೆಕ್ಕ ಹಾಕಿಕೊಡುವುದಷ್ಟೇ ನನಗೆ ತಿಳಿದ ಕೆಲಸ. ಅವರು ಕೇಳಿದ ಪ್ರಶ್ನೆಗಳನ್ನೂ ನಾನು ಕೊಟ್ಟ ಉತ್ತರಗಳನ್ನೂ ಇಲ್ಲಿ ಬರೆದಿದ್ದೇನೆ. ಯೋಜನೆಗಳ ನಿಯಮಗಳು ಆಗಾಗ ಬದಲಾಗುವುದರಿಂದ ಅರ್ಜಿ ಹಾಕುವ ಮುನ್ನ ಆ ವರ್ಷದ ಸುತ್ತೋಲೆಯನ್ನು ಬ್ಯಾಂಕಿನಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು.

ಸಾಲ ಮಾಡಿ ಓದಿಸಿದರೆ ಆ ಹಣ ಹಿಂದಿರುಗಿ ಬರುತ್ತದೆಯೇ?

ಬರುವ ಮನೆಗಳೂ ಇವೆ, ಬಾರದ ಮನೆಗಳೂ ಇವೆ. ಎರಡರ ನಡುವಿನ ವ್ಯತ್ಯಾಸ ಬಹುಪಾಲು ಸೀಟು ಪಡೆಯುವ ದಿನವೇ ನಿರ್ಧಾರವಾಗಿರುತ್ತದೆ ಎಂಬುದು ನನ್ನ ಅನುಭವ. ಯಾವ ಕೋರ್ಸು, ಯಾವ ಕಾಲೇಜು, ಸರ್ಕಾರಿ ಶುಲ್ಕದ ಸೀಟೋ ಹೆಚ್ಚು ಶುಲ್ಕದ ಮ್ಯಾನೇಜ್‌ಮೆಂಟ್ ಸೀಟೋ, ಸಾಲ ಬ್ಯಾಂಕಿನದೋ ಊರಿನವರದೋ, ಮಗು ಆ ಓದನ್ನು ಮುಗಿಸುವಷ್ಟು ಆಸಕ್ತಿ ಹೊಂದಿದೆಯೋ ಇಲ್ಲವೋ ಎಂಬ ಐದು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡದೆ ‘ಪದವಿ ಲಾಭವೇ ನಷ್ಟವೇ’ ಎಂದು ಕೇಳಿದರೆ, ‘ಕೊಳವೆಬಾವಿ ಕೊರೆಸುವುದು ಲಾಭವೇ’ ಎಂದು ಕೇಳಿದ ಹಾಗೆ ಆಗುತ್ತದೆ. ನೀರು ಎಲ್ಲಿ, ಎಷ್ಟು ಆಳದಲ್ಲಿ ಎಂದು ತಿಳಿಯದೆ ಯಾರೂ ಉತ್ತರ ಹೇಳಲಾರರು.

ಆದರೆ ಒಂದು ಮಾತನ್ನು ಎಲ್ಲರಿಗೂ ಹೇಳುತ್ತೇನೆ. ಕಾಲೇಜಿನವರು ಹೇಳಿದ ಶುಲ್ಕವನ್ನು ಮುಂದಿಟ್ಟುಕೊಂಡು ಸಾಲದ ಮೊತ್ತವನ್ನು ನಿಶ್ಚಯಿಸಬೇಡಿ. ಮಗುವಿಗೆ ಸಿಗಬಹುದಾದ ಮೊದಲ ಸಾಧಾರಣ ಸಂಬಳದಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬನ್ನಿ. ಸಾಧಾರಣ ಸಂಬಳ ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ. ಕಾಲೇಜಿನ ಫ್ಲೆಕ್ಸ್‌ಗಳಲ್ಲಿ ಅಚ್ಚಾಗುವುದು ಆ ವರ್ಷದ ಅತಿ ಹೆಚ್ಚಿನ ಸಂಬಳ, ಮತ್ತು ಅದು ಒಬ್ಬರಿಗೋ ಇಬ್ಬರಿಗೋ ಸಿಕ್ಕಿರುತ್ತದೆ.

ಹಾಗಾದರೆ ಎಷ್ಟು ಸಾಲ ಮಾಡಬಹುದು? ಲೆಕ್ಕ ತೋರಿಸಿ.

ನಾಲ್ಕು ವರ್ಷದ ಎಂಜಿನಿಯರಿಂಗ್‌ಗೆ ವರ್ಷಕ್ಕೆ 1 ಲಕ್ಷದಂತೆ ಒಟ್ಟು 4 ಲಕ್ಷ ರೂಪಾಯಿ ಬ್ಯಾಂಕ್ ಸಾಲ ಪಡೆದಿರಿ, ಬಡ್ಡಿ ಶೇ 10 ಎಂದಿಟ್ಟುಕೊಳ್ಳೋಣ. ಭಾರತೀಯ ಬ್ಯಾಂಕುಗಳ ಸಂಘ ಶೈಕ್ಷಣಿಕ ಸಾಲಕ್ಕೆಂದು ರೂಪಿಸಿದ ಮಾದರಿ ಯೋಜನೆಯಂತೆ ಓದುವ ಅವಧಿ ಮತ್ತು ಅದರ ನಂತರದ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಆ ಅವಧಿಗೆ ಸರಳ ಬಡ್ಡಿ ಮಾತ್ರ ಸೇರುತ್ತಾ ಹೋಗುತ್ತದೆ. ಮೊದಲ ವರ್ಷ ಪಡೆದ ಲಕ್ಷದ ಮೇಲೆ ಐದು ವರ್ಷದ ಬಡ್ಡಿ 50 ಸಾವಿರ, ಎರಡನೆಯದರ ಮೇಲೆ 40 ಸಾವಿರ, ಮೂರನೆಯದಕ್ಕೆ 30, ನಾಲ್ಕನೆಯದಕ್ಕೆ 20 ಸಾವಿರ, ಒಟ್ಟು 1 ಲಕ್ಷದ 40 ಸಾವಿರ. ಅಂದರೆ ಮೊದಲ ಕಂತು ಕಟ್ಟುವ ತಿಂಗಳು ನಿಮ್ಮ ಸಾಲ 4 ಲಕ್ಷವಾಗಿ ಉಳಿದಿರುವುದಿಲ್ಲ, 5 ಲಕ್ಷದ 40 ಸಾವಿರ ಆಗಿರುತ್ತದೆ. ಇದನ್ನು ಕೇಳಿ ಬೆಚ್ಚಿಬೀಳುವ ಪೋಷಕರನ್ನು ನಾನು ಪ್ರತಿ ವರ್ಷ ನೋಡುತ್ತೇನೆ.

ಈ 5.40 ಲಕ್ಷವನ್ನು 10 ವರ್ಷದಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 7,140 ರೂಪಾಯಿ, ಕಟ್ಟುವ ಒಟ್ಟು ಹಣ ಸುಮಾರು 8.56 ಲಕ್ಷ. 15 ವರ್ಷಕ್ಕೆ ಎಳೆದರೆ ಕಂತು 5,800ಕ್ಕೆ ಇಳಿಯುತ್ತದೆ, ಆದರೆ ಒಟ್ಟು ಮೊತ್ತ 10.44 ಲಕ್ಷ ದಾಟುತ್ತದೆ. ಐದೇ ವರ್ಷದಲ್ಲಿ ಮುಗಿಸುವುದಾದರೆ ತಿಂಗಳಿಗೆ ಸುಮಾರು 11,470 ರೂಪಾಯಿ ಕಟ್ಟಬೇಕು, ಒಟ್ಟು 6.88 ಲಕ್ಷದಲ್ಲಿ ಮುಗಿಯುತ್ತದೆ.

ಈಗ ಸಂಬಳದ ಕಡೆಯಿಂದ ನೋಡೋಣ. ಬೆಂಗಳೂರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನಿಗೆ ಕೈಗೆ 22 ಸಾವಿರ ಬರುತ್ತದೆ ಎಂದುಕೊಂಡರೆ, ಪಿಜಿಯ ಊಟ ವಸತಿಗೆ 10 ಸಾವಿರ, ಓಡಾಟ, ಫೋನು, ಬಟ್ಟೆ, ಔಷಧಿಗೆ 4 ಸಾವಿರ ಕಳೆದು 8 ಸಾವಿರ ಉಳಿಯುತ್ತದೆ. ಅದರಲ್ಲೇ ಊರಿಗೂ ಏನಾದರೂ ಕಳುಹಿಸಬೇಕು. ಆದ್ದರಿಂದ ಕಂತು ಸಂಬಳದ ಕಾಲು ಭಾಗವನ್ನು, ಅಂದರೆ ಇಲ್ಲಿ 5,500 ರೂಪಾಯಿಯನ್ನು, ಮೀರಬಾರದು ಎಂದು ನಾನು ಹೇಳುತ್ತೇನೆ. ಹತ್ತು ವರ್ಷದ ಅವಧಿಯಲ್ಲಿ ಆ ಕಂತು ಹೊರಬಲ್ಲ ಸಾಲ ಸುಮಾರು 4.16 ಲಕ್ಷ. ಓದುವ ಅವಧಿಯ ಬಡ್ಡಿಯನ್ನು ಸರ್ಕಾರ ಭರಿಸುವುದಾದರೆ ನೀವು 4 ಲಕ್ಷದವರೆಗೆ ಪಡೆಯಬಹುದು. ಬಡ್ಡಿ ನಿಮ್ಮ ತಲೆಯ ಮೇಲೆಯೇ ಬೀಳುವುದಾದರೆ 3 ಲಕ್ಷಕ್ಕೆ ನಿಲ್ಲಿಸುವುದು ಒಳ್ಳೆಯದು. ನಿಮ್ಮ ಮಗುವಿನ ಕೋರ್ಸಿಗೆ ತಕ್ಕ ಸಂಬಳವನ್ನು ಇದೇ ಲೆಕ್ಕದಲ್ಲಿ ಇಟ್ಟು ನೋಡಿಕೊಳ್ಳಿ. ಆ ಸಂಬಳ ಎಷ್ಟೆಂದು ತಿಳಿಯಲು ಕಾಲೇಜಿನ ಕಚೇರಿಗಿಂತ, ಎರಡು ವರ್ಷದ ಹಿಂದೆ ಅದೇ ವಿಭಾಗದಲ್ಲಿ ಮಧ್ಯಮ ಅಂಕ ಪಡೆದು ಹೊರಬಂದ ನಾಲ್ಕು ಜನರನ್ನು ಕೇಳುವುದು ಮೇಲು.

ಓದುತ್ತಿರುವಾಗಲೇ ಬಡ್ಡಿ ಕಟ್ಟಿದರೆ ಪ್ರಯೋಜನವಿದೆಯೇ?

ಇದೆ. ಮೇಲಿನ ಉದಾಹರಣೆಯಲ್ಲಿ ಮೊದಲ ವರ್ಷದ ಬಡ್ಡಿ ತಿಂಗಳಿಗೆ 833 ರೂಪಾಯಿ, ನಾಲ್ಕನೆಯ ವರ್ಷಕ್ಕೆ 3,333. ಇದನ್ನು ಆಗಿಂದಾಗ್ಗೆ ಕಟ್ಟುತ್ತ ಬಂದರೆ ಕಂತು ಆರಂಭವಾಗುವಾಗ ಸಾಲ 4 ಲಕ್ಷವಾಗಿಯೇ ಇರುತ್ತದೆ, ಹತ್ತು ವರ್ಷದ ಕಂತು ಸುಮಾರು 5,290ಕ್ಕೆ ನಿಲ್ಲುತ್ತದೆ, ಒಟ್ಟಾರೆ 80 ಸಾವಿರದಷ್ಟು ಉಳಿಯುತ್ತದೆ. ಓದುವ ಅವಧಿಯಲ್ಲಿ ಬಡ್ಡಿ ಕಟ್ಟುವವರಿಗೆ ಬ್ಯಾಂಕುಗಳು ಶೇ 1ರಷ್ಟು ಬಡ್ಡಿ ರಿಯಾಯಿತಿ ನೀಡುವ ಅವಕಾಶವೂ ಮಾದರಿ ಯೋಜನೆಯಲ್ಲಿದೆ. ಆದರೆ ಇದಕ್ಕಾಗಿ ಚೀಟಿ ಎತ್ತಿ ಅಥವಾ ಸಂಘದಲ್ಲಿ ಸಾಲ ತೆಗೆದು ಕಟ್ಟುವ ಅವಶ್ಯಕತೆಯಿಲ್ಲ. ಮೆಕ್ಕೆಜೋಳವೋ ಈರುಳ್ಳಿಯೋ ಮಾರಿದ ತಿಂಗಳು ಕೈಯಲ್ಲಿ ಹಣವಿದ್ದರೆ ಆ ವರ್ಷದ ಬಡ್ಡಿಯನ್ನು ಒಂದೇ ಸಲ ಕಟ್ಟಿಬಿಡಿ.

ಬ್ಯಾಂಕಿನವರು ಹೊಲದ ಪತ್ರ ಕೇಳುತ್ತಾರೆಯೇ?

7.5 ಲಕ್ಷದವರೆಗಿನ ಶೈಕ್ಷಣಿಕ ಸಾಲಕ್ಕೆ ಆಸ್ತಿಯ ಅಡಮಾನವಾಗಲಿ ಮೂರನೆಯವರ ಜಾಮೀನಾಗಲಿ ಇಲ್ಲದೆ ಸಾಲ ನೀಡಲು ಅನುವಾಗುವಂತೆ ಕೇಂದ್ರ ಸರ್ಕಾರ 2015ರಲ್ಲಿ ಖಾತರಿ ನಿಧಿಯನ್ನು ಸ್ಥಾಪಿಸಿದೆ. ಆ ನಿಧಿಯ ಅಡಿಯಲ್ಲಿ ನೀಡಿದ ಸಾಲ ಮರುಪಾವತಿಯಾಗದಿದ್ದರೆ ಬಾಕಿಯ ಶೇ 75ರಷ್ಟು ಬ್ಯಾಂಕಿಗೆ ದೊರೆಯುತ್ತದೆ. ತಂದೆ ಅಥವಾ ತಾಯಿ ಸಹ-ಸಾಲಗಾರರಾಗಿ ಸಹಿ ಹಾಕಬೇಕು, ಅದು ಬೇರೆ ಮಾತು. 7.5 ಲಕ್ಷ ಮೀರಿದರೆ ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತಾರೆ.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ಸರಿಪಡಿಸಬೇಕು. ‘ಸರ್ಕಾರವೇ ಗ್ಯಾರಂಟಿ ಕೊಟ್ಟಿದೆ, ನಾವು ಕಟ್ಟದಿದ್ದರೂ ನಡೆಯುತ್ತದೆ’ ಎಂದು ಕೆಲವರು ಭಾವಿಸುತ್ತಾರೆ. ಆ ಖಾತರಿ ಬ್ಯಾಂಕು ಮತ್ತು ನಿಧಿಯ ನಡುವಿನದು; ವಿದ್ಯಾರ್ಥಿಯ ಹೊಣೆ ಒಂದು ರೂಪಾಯಿಯಷ್ಟೂ ಕಡಿಮೆಯಾಗುವುದಿಲ್ಲ.

ಸಾಲದಲ್ಲಿ ಬೋಧನಾ ಶುಲ್ಕದ ಜೊತೆಗೆ ಹಾಸ್ಟೆಲ್, ಪರೀಕ್ಷಾ ಶುಲ್ಕ, ಪುಸ್ತಕ, ಲ್ಯಾಪ್‌ಟಾಪ್ ವೆಚ್ಚಗಳೂ ಸೇರಬಹುದು. ರಸೀದಿಯಿಲ್ಲದ ಡೊನೇಷನ್‌ಗೆ ಬ್ಯಾಂಕಿನಲ್ಲಿ ಜಾಗವಿಲ್ಲ. 4 ಲಕ್ಷದವರೆಗೆ ಪೂರ್ತಿ ಹಣವನ್ನು ಬ್ಯಾಂಕೇ ಕೊಡುತ್ತದೆ. ಅದಕ್ಕಿಂತ ಹೆಚ್ಚಿನ ಸಾಲಕ್ಕೆ ದೇಶದೊಳಗಿನ ಓದಾದರೆ ಶೇ 5ರಷ್ಟನ್ನು ನೀವು ಹಾಕಬೇಕು, ಮತ್ತು ವಿದ್ಯಾರ್ಥಿವೇತನವನ್ನು ಆ ಪಾಲಿಗೆ ಲೆಕ್ಕ ಹಿಡಿಯಬಹುದು.

ಬಡ್ಡಿ ಸಹಾಯಧನ ಯಾರಿಗೆ ಸಿಗುತ್ತದೆ?

ಬಹಳ ಮನೆಗಳು ಕಳೆದುಕೊಳ್ಳುವ ಸೌಲಭ್ಯ ಇದೇ ಆದ್ದರಿಂದ ನಿಧಾನವಾಗಿ ಓದಿ. 2009–10ರಿಂದ ನಡೆದುಬಂದಿರುವ ಕೇಂದ್ರದ ಯೋಜನೆಯಂತೆ, ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದು ಮಗು ವೃತ್ತಿಪರ ಅಥವಾ ತಾಂತ್ರಿಕ ಕೋರ್ಸಿಗೆ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಸೇರಿದ್ದರೆ, ಓದುವ ಅವಧಿ ಮತ್ತು ಅದರ ನಂತರದ ಒಂದು ವರ್ಷದ ಪೂರ್ಣ ಬಡ್ಡಿಯನ್ನು ಸರ್ಕಾರವೇ ಭರಿಸುತ್ತದೆ. ನಮ್ಮ ಉದಾಹರಣೆಯ 1.40 ಲಕ್ಷ ರೂಪಾಯಿ ಹೀಗೆ ಉಳಿಯುತ್ತದೆ. ಇದಕ್ಕೆ ನಾಡಕಚೇರಿಯಿಂದ ಪಡೆದ ಆದಾಯ ಪ್ರಮಾಣಪತ್ರವನ್ನು ಸಾಲ ನೀಡಿದ ಶಾಖೆಗೆ ಸಕಾಲದಲ್ಲಿ ಕೊಟ್ಟು, ಸಹಾಯಧನಕ್ಕೆ ಹೆಸರು ಸೇರಿದೆಯೇ ಎಂದು ಕೇಳಿ ತಿಳಿಯಬೇಕು. ಸಾಲ ಮಂಜೂರಾದೊಡನೆ ಇದೂ ತಾನಾಗಿಯೇ ಬರುತ್ತದೆ ಎಂದು ಸುಮ್ಮನಿದ್ದು, ನಾಲ್ಕು ವರ್ಷದ ನಂತರ ಪಾಸ್‌ಬುಕ್ ಹಿಡಿದು ಅತ್ತವರನ್ನು ನಾನು ಕಂಡಿದ್ದೇನೆ. ಈ ಸೌಲಭ್ಯ ಪದವಿಗೋ ಸ್ನಾತಕೋತ್ತರಕ್ಕೋ ಒಮ್ಮೆ ಮಾತ್ರ ದೊರೆಯುತ್ತದೆ. ವೈದ್ಯಕೀಯ ಕಾರಣವಿಲ್ಲದೆ ಓದನ್ನು ನಡುವೆ ಬಿಟ್ಟವರಿಗೆ ಸಿಗುವುದಿಲ್ಲ.

2024ರ ನವೆಂಬರ್ 6ರಂದು ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಇನ್ನೊಂದು. ರಾಷ್ಟ್ರೀಯ ರ‍್ಯಾಂಕಿಂಗ್ ಆಧಾರದ ಮೇಲೆ ಆಯ್ದ ಸಂಸ್ಥೆಗಳಲ್ಲಿ ಅರ್ಹತೆಯಿಂದ ಸೀಟು ಪಡೆದವರಿಗೆ ಅಡಮಾನ, ಜಾಮೀನು ಇಲ್ಲದ ಸಾಲ, ಮತ್ತು ಕುಟುಂಬದ ಆದಾಯ 8 ಲಕ್ಷದವರೆಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಓದಿನ ಅವಧಿಯಲ್ಲಿ ಶೇ 3 ಬಡ್ಡಿ ರಿಯಾಯಿತಿ ಅದರಲ್ಲಿದೆ. ಆ ರಿಯಾಯಿತಿ ವರ್ಷಕ್ಕೆ 1 ಲಕ್ಷ ವಿದ್ಯಾರ್ಥಿಗಳಿಗೆ ಸೀಮಿತ. ಆರಂಭದ ಪಟ್ಟಿಯಲ್ಲಿ ಇಡೀ ದೇಶದ 860 ಸಂಸ್ಥೆಗಳಿದ್ದವು. ಪಟ್ಟಿ ಪ್ರತಿ ವರ್ಷ ಪರಿಷ್ಕೃತವಾಗುವುದರಿಂದ, ನೀವು ಸೇರುವ ಕಾಲೇಜು ಅದರಲ್ಲಿದೆಯೇ ಎಂಬುದನ್ನು ಆಪ್ಷನ್ ತುಂಬುವ ಮೊದಲೇ ನೋಡಿಕೊಳ್ಳಬೇಕು.

ರಾಜ್ಯದ ನಿಗಮಗಳಿಂದ ಸಾಲ ಸಿಗುತ್ತದೆಯಲ್ಲವೇ?

ಸಿಗುತ್ತದೆ, ಮತ್ತು ಬಡ್ಡಿಯ ದೃಷ್ಟಿಯಿಂದ ಇದಕ್ಕೆ ಸಮನಾದದ್ದು ಇನ್ನೊಂದಿಲ್ಲ. ಡಿ. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮದ ‘ಅರಿವು’ ಯೋಜನೆಯಲ್ಲಿ ಶೇ 2ರ ಬಡ್ಡಿಗೆ ವರ್ಷಕ್ಕೆ 1 ಲಕ್ಷದವರೆಗೆ ಶೈಕ್ಷಣಿಕ ಸಾಲವಿದೆ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮವೂ ಇದೇ ಹೆಸರಿನಲ್ಲಿ ಸಾಲ ನೀಡುತ್ತದೆ. ವೀರಶೈವ ಲಿಂಗಾಯತ ಅಭಿವೃದ್ಧಿ ನಿಗಮದಲ್ಲಿ ‘ಬಸವ ಬೆಳಗು’ ಎಂಬ ಯೋಜನೆಯಿದೆ. ಎಲ್ಲಕ್ಕೂ ಆದಾಯ ಮಿತಿಯಿದೆ, ಅನುದಾನ ಮುಗಿದರೆ ಆ ವರ್ಷ ಅವಕಾಶ ತಪ್ಪುತ್ತದೆ. ಸಾಲಕ್ಕೆ ಕೈ ಹಾಕುವ ಮೊದಲು ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ, ಅಂದರೆ ಎಸ್‌ಎಸ್‌ಪಿಯಲ್ಲಿ, ಅರ್ಜಿ ಹಾಕಿರಬೇಕು. ಹಿಂದುಳಿದ ವರ್ಗದ ವಿದ್ಯಾರ್ಥಿಗೆ ಹಾಸ್ಟೆಲ್ ಸಿಗದಿದ್ದಾಗ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಬರುವ ‘ವಿದ್ಯಾಸಿರಿ’ಯ ಹಣ ಚಿಕ್ಕದೆನಿಸಬಹುದು, ನಾಲ್ಕು ವರ್ಷಕ್ಕೆ ಅದು 60 ಸಾವಿರ ರೂಪಾಯಿ, ಅಷ್ಟೂ ತೀರಿಸಬೇಕಿಲ್ಲದ ಹಣ.

ತಂದೆಯ ಬೆಳೆಸಾಲ ಬಾಕಿಯಿದೆ ಎಂದು ಬ್ಯಾಂಕ್ ಅರ್ಜಿ ತಿರಸ್ಕರಿಸಿದೆ. ಏನು ಮಾಡಬೇಕು?

ಮಳೆ ಕೈಕೊಟ್ಟ ವರ್ಷಗಳಲ್ಲಿ ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರಿನ ಕಡೆಯಿಂದ ಅತಿ ಹೆಚ್ಚು ಕೇಳಿಬರುವ ಪ್ರಶ್ನೆ ಇದು. ಶೇಂಗಾ ಕೈಗೆ ಬಾರದೆ ತಂದೆಯ ಕಂತು ತಪ್ಪಿದ್ದಕ್ಕೆ ಮಗಳ ನರ್ಸಿಂಗ್ ಸೀಟು ಹೋಗಬೇಕೆಂಬುದು ನ್ಯಾಯವಲ್ಲ ಎಂದು ನಾನು ನಂಬಿದ್ದೇನೆ. ಶೈಕ್ಷಣಿಕ ಸಾಲದ ಆಧಾರ ವಿದ್ಯಾರ್ಥಿಯ ಮುಂದಿನ ದುಡಿಮೆ, ಪೋಷಕರ ಹಿಂದಿನ ಬಾಕಿಯಲ್ಲ. ಕೇರಳ ಹೈಕೋರ್ಟ್ 2023ರಲ್ಲಿ ಸಾಲ ತೀರಿಸಿದ ಚರಿತ್ರೆಯನ್ನು ಅಳೆಯುವ ಸಿಬಿಲ್ ಅಂಕ ಕಡಿಮೆಯಿದೆ ಎಂಬುದೊಂದನ್ನೇ ಕಾರಣ ಮಾಡಿ ಶೈಕ್ಷಣಿಕ ಸಾಲದ ಅರ್ಜಿಯನ್ನು ತಿರಸ್ಕರಿಸಬಾರದೆಂದು ಹೇಳಿತು. ಅದು ನಮ್ಮ ರಾಜ್ಯದ ಬ್ಯಾಂಕುಗಳನ್ನು ನೇರವಾಗಿ ಕಟ್ಟಿಹಾಕದಿದ್ದರೂ ಮನವಿಯಲ್ಲಿ ಉಲ್ಲೇಖಿಸಲು ಯೋಗ್ಯವಾದ ತೀರ್ಪು.

ಮಾತಿನಲ್ಲಿ ‘ಆಗುವುದಿಲ್ಲ’ ಎಂದದ್ದನ್ನು ಒಪ್ಪಿಕೊಂಡು ಹಿಂದಿರುಗಬೇಡಿ. ತಿರಸ್ಕಾರಕ್ಕೆ ಮೇಲಧಿಕಾರಿಯ ಒಪ್ಪಿಗೆ ಬೇಕು, ಕಾರಣವನ್ನು ತಿಳಿಸಬೇಕು ಎಂಬುದು ಮಾದರಿ ಯೋಜನೆಯಲ್ಲೇ ಇದೆ. ಶೈಕ್ಷಣಿಕ ಸಾಲದ ಅರ್ಜಿಗೆಂದೇ ಇರುವ ವಿದ್ಯಾಲಕ್ಷ್ಮಿ ಪೋರ್ಟಲ್ ಮೂಲಕ ಅರ್ಜಿ ಹಾಕಿದರೆ ದಾಖಲೆ ಉಳಿಯುತ್ತದೆ. ‘ನಿಮ್ಮ ಊರು ನಮ್ಮ ಶಾಖೆಯ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಕಾರಣವನ್ನು ಶೈಕ್ಷಣಿಕ ಸಾಲಕ್ಕೆ ಹೇಳುವಂತಿಲ್ಲವೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಸೂಚಿಸಿದೆ. ಶಾಖೆಯಲ್ಲಿ ಆಗದಿದ್ದರೆ ಜಿಲ್ಲೆಯ ಬ್ಯಾಂಕುಗಳ ಕೆಲಸವನ್ನು ಒಟ್ಟುಗೂಡಿಸುವ ಅಗ್ರಣಿ ಬ್ಯಾಂಕಿನ (ಲೀಡ್ ಬ್ಯಾಂಕ್) ವ್ಯವಸ್ಥಾಪಕರನ್ನು ಕಾಣಿ; ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನದಲ್ಲಿ ಪರಿಹಾರ ಸಿಗದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಸಲ್ಲಿಸಬಹುದು. ಈ ಕೆಲಸವನ್ನು ಜೂನ್‌ನಲ್ಲಿ ಆರಂಭಿಸಿದರೆ ಸಮಯವಿರುತ್ತದೆ. ಶುಲ್ಕ ಕಟ್ಟುವ ಕೊನೆಯ ದಿನಕ್ಕೆ ಬಂದವರಿಗೆ ನಾನು ಹೆಚ್ಚೇನೂ ಸಹಾಯ ಮಾಡಲಾಗಿಲ್ಲ.

ಬ್ಯಾಂಕಿನ ಓಡಾಟ ಬೇಡವೆಂದು ಕೈಸಾಲ ಮಾಡಿದರೆ?

ದಯವಿಟ್ಟು ಮಾಡಬೇಡಿ. ‘ಮೂರು ರೂಪಾಯಿ ಬಡ್ಡಿ’ ಎಂದರೆ ಕೇಳಲು ಹಗುರವಾಗಿದೆ. ಅದು ನೂರಕ್ಕೆ ತಿಂಗಳಿಗೆ ಮೂರು, ವರ್ಷಕ್ಕೆ ಶೇ 36. ಒಂದು ಲಕ್ಷಕ್ಕೆ ನಾಲ್ಕು ವರ್ಷದಲ್ಲಿ 1.44 ಲಕ್ಷ ಬಡ್ಡಿ ಕಟ್ಟಿದ ಮೇಲೂ ಅಸಲು ಒಂದು ಲಕ್ಷ ಹಾಗೆಯೇ ನಿಂತಿರುತ್ತದೆ. ಅದೇ ಮೊತ್ತಕ್ಕೆ ಬ್ಯಾಂಕಿನ ಶೇ 10ರಂತೆ ಬಡ್ಡಿ 40 ಸಾವಿರ. ನನ್ನ ವಿದ್ಯಾರ್ಥಿಯೊಬ್ಬನ ಓದಿನ ಬ್ಯಾಂಕ್ ಸಾಲ ಸರಿಯಾಗಿಯೇ ಇತ್ತು, ಆದರೆ ಪ್ರವೇಶದ ವಾರ ಡೊನೇಷನ್‌ಗೆಂದು ಅವನ ತಂದೆ ಮಾಡಿದ ಕೈಸಾಲದ ಸಂಗತಿ ಮನೆಯವರಿಗೂ ತಿಳಿದಿರಲಿಲ್ಲ. ಅವನು ಕೆಲಸಕ್ಕೆ ಸೇರುವ ವೇಳೆಗೆ ಎರಡೆಕರೆ ಹೊಲ ಕೈಬಿಟ್ಟಿತ್ತು. ಲೆಕ್ಕ ಮಾಡುವಾಗ ಕುಟುಂಬದವರೆಲ್ಲರೂ ಕೂತು ಚೀಟಿ, ಸಂಘದ ಸಾಲ, ಒಡವೆಯ ಸಾಲ, ಸೊಸೈಟಿ ಸಾಲ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆಯಬೇಕೆಂದು ಆ ದಿನದಿಂದ ನಾನು ಹಟ ಹಿಡಿಯುತ್ತೇನೆ.

ಹತ್ತಿರದ ಕಾಲೇಜೋ, ಬೆಂಗಳೂರಿನ ಕಾಲೇಜೋ? ಸರ್ಕಾರಿಯೋ ಖಾಸಗಿಯೋ?

ದಾವಣಗೆರೆಗೆ ಈ ವಿಷಯದಲ್ಲಿ ದೊಡ್ಡ ಅನುಕೂಲವಿದೆ. 1951ರಲ್ಲಿ ಆರಂಭವಾದ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜು, 1979ರ ಬಾಪೂಜಿ ಎಂಜಿನಿಯರಿಂಗ್ ಕಾಲೇಜು, 2009ರಿಂದ ತೋಳಹುಣಸೆಯಲ್ಲಿರುವ ದಾವಣಗೆರೆ ವಿಶ್ವವಿದ್ಯಾನಿಲಯ, ಡಿಆರ್‌ಆರ್ ಪಾಲಿಟೆಕ್ನಿಕ್, ಚಿತ್ರದುರ್ಗದಲ್ಲಿ 2023ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜು, ಎಲ್ಲವೂ ಬಸ್ಸಿನಲ್ಲಿ ಹೋಗಿಬರುವ ದೂರದಲ್ಲಿವೆ. ಮನೆಯ ಊಟ ಮಾಡಿಕೊಂಡು ಓದುವ ಮಗುವಿಗೆ ವರ್ಷಕ್ಕೆ ಹಾಸ್ಟೆಲ್ ವೆಚ್ಚವೇ ಉಳಿಯುತ್ತದೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತವಾಗಿದ್ದರೂ ನಮ್ಮ ಭಾಗದ ಹಲವು ಹಳ್ಳಿಗಳಿಗೆ ಖಾಸಗಿ ಬಸ್ಸೇ ಗತಿ ಎಂಬುದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಕಾಲೇಜಿನ ಹೆಸರಿಗಿಂತ ಸೀಟಿನ ಬಗೆ ಮುಖ್ಯ. ಒಂದೇ ತರಗತಿಯಲ್ಲಿ ಒಂದೇ ಬೆಂಚಿನ ಮೇಲೆ ಕೂತ ಇಬ್ಬರಲ್ಲಿ ಒಬ್ಬ ಸಿಇಟಿಯ ಸರ್ಕಾರಿ ಶುಲ್ಕ ಕಟ್ಟಿರುತ್ತಾನೆ, ಇನ್ನೊಬ್ಬ ಅದರ ಹಲವು ಪಟ್ಟು ಕಟ್ಟಿರುತ್ತಾನೆ. ಕಂಪನಿಯವರು ಇಬ್ಬರಿಗೂ ಕೊಡುವುದು ಒಂದೇ ಸಂಬಳ. ಯುಬಿಡಿಟಿಯಲ್ಲಿ ಶೇ 50ರಷ್ಟು ಸೀಟುಗಳನ್ನು ಹೆಚ್ಚು ಶುಲ್ಕದ ಪಾವತಿ ಕೋಟಾಕ್ಕೆ ಒಳಪಡಿಸಿದ್ದರ ವಿರುದ್ಧ 2024ರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದದ್ದು ಇದೇ ಕಾರಣಕ್ಕೆ. ಅವರ ಕಳವಳ ಸರಿಯಾದದ್ದೆಂದು ನಾನು ತಿಳಿಯುತ್ತೇನೆ: ರೈತರ, ಕೂಲಿಕಾರರ ಮಕ್ಕಳಿಗೆ ಸರ್ಕಾರಿ ಶುಲ್ಕದ ಸೀಟು ಕಡಿಮೆಯಾದಷ್ಟೂ ಸಾಲದ ಮೊತ್ತ ಏರುತ್ತದೆ. ಬಯಸಿದ ವಿಭಾಗಕ್ಕಾಗಿ ಮ್ಯಾನೇಜ್‌ಮೆಂಟ್ ಸೀಟಿಗೆ ಹೋಗುವ ಬದಲು, ಸರ್ಕಾರಿ ಶುಲ್ಕದಲ್ಲಿ ಸಿಕ್ಕ ಎರಡನೆಯ ಆಯ್ಕೆಯ ವಿಭಾಗವನ್ನು ಹಿಡಿಯುವುದು ಸಾಲದ ಮೇಲೆ ಓದುವವರಿಗೆ ಬಹುತೇಕ ಸಂದರ್ಭಗಳಲ್ಲಿ ಒಳಿತು.

ಪದವಿ ಪಡೆದವರಿಗೇ ಕೆಲಸವಿಲ್ಲ ಎನ್ನುತ್ತಾರಲ್ಲ, ಮತ್ತೇಕೆ ಓದಿಸಬೇಕು?

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ಮಾನವ ಅಭಿವೃದ್ಧಿ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಭಾರತದ ಉದ್ಯೋಗ ವರದಿಯ ಪ್ರಕಾರ, 2022ರಲ್ಲಿ ಪದವೀಧರ ಯುವಜನರ ನಿರುದ್ಯೋಗ ಪ್ರಮಾಣ ಶೇ 29.1 ಇತ್ತು; ಓದು ಬರಹ ಬಾರದ ಯುವಜನರಲ್ಲಿ ಅದು ಶೇ 3.4 ಮಾತ್ರ. ಈ ಅಂಕಿಯನ್ನು ಹಿಡಿದು ‘ಓದದಿದ್ದರೇ ವಾಸಿ’ ಎನ್ನುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಓದದ ಬಡವನಿಗೆ ಕೆಲಸವಿಲ್ಲದೆ ಕೂರುವ ಅವಕಾಶವೇ ಇಲ್ಲ. ಅವನು ಎಪಿಎಂಸಿಯಲ್ಲಿ ಚೀಲ ಹೊರುತ್ತಾನೆ, ಮಂಡಕ್ಕಿ ಭಟ್ಟಿಯ ಬೆಂಕಿಯ ಮುಂದೆ ನಿಲ್ಲುತ್ತಾನೆ, ಸಿಕ್ಕ ಕೂಲಿಗೆ ದುಡಿಯುತ್ತಾನೆ, ಮತ್ತು ಲೆಕ್ಕದಲ್ಲಿ ಅವನು ಉದ್ಯೋಗಿ. ಪದವೀಧರ ತನ್ನ ಓದಿಗೆ ತಕ್ಕ ಕೆಲಸಕ್ಕಾಗಿ ಕಾಯುತ್ತಾನೆ.

ಆದರೂ ಸಾಲಗಾರನ ಮಟ್ಟಿಗೆ ಆ ಅಂಕಿ ಎಚ್ಚರಿಕೆಯೇ ಸರಿ. ಕಾಯುವ ಕಾಲ ಉದ್ದವಾಗುತ್ತದೆ, ಬ್ಯಾಂಕು ಕೊಡುವ ಬಿಡುವು ಒಂದೇ ವರ್ಷದ್ದು. ರಾಜ್ಯದ ಯುವನಿಧಿಯಲ್ಲಿ, ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಗರಿಷ್ಠ ಎರಡು ವರ್ಷ ದೊರೆಯುತ್ತದೆ. ಅದು ಅರ್ಜಿ ಶುಲ್ಕ, ಓಡಾಟಕ್ಕೆ ಆದೀತು, ಕಂತಿಗೆ ಸಾಲದು. ಆದ್ದರಿಂದ ಪದವಿಯ ಕೊನೆಯ ವರ್ಷದಲ್ಲೇ, ಬಯಸಿದ ಕೆಲಸ ಸಿಗದಿದ್ದರೆ ಕಂತಿನ ಮಟ್ಟಿಗೆ ಯಾವ ಕೆಲಸ ಹಿಡಿಯುವುದು ಎಂದು ಮಗು ಯೋಚಿಸಿರಬೇಕು.

ಬಿಎ, ಬಿಕಾಂ, ಬಿಎಸ್‌ಸಿಗೆ ಸಾಲ ಮಾಡಬಹುದೇ?

ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಶುಲ್ಕಕ್ಕೆ ಸಾಲದ ಅಗತ್ಯವೇ ಬೀಳುವುದಿಲ್ಲ. ಖಾಸಗಿ ಕಾಲೇಜಿನಲ್ಲಿ ಲಕ್ಷಗಟ್ಟಲೆ ಸಾಲ ಮಾಡಿ ಇದೇ ಪದವಿ ಪಡೆಯುವುದನ್ನು ನಾನು ಒಪ್ಪುವುದಿಲ್ಲ.

ಡಿಪ್ಲೊಮಾ ಮಾಡಿಸಿದರೆ ಮಗ ಹಿಂದೆ ಬೀಳುತ್ತಾನೆಯೇ?

ಎಸ್ಸೆಸ್ಸೆಲ್ಸಿ ನಂತರ ಮೂರು ವರ್ಷದ ಡಿಪ್ಲೊಮಾ ಮುಗಿಸಿದವನು ಲ್ಯಾಟರಲ್ ಪ್ರವೇಶದಲ್ಲಿ ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ಸೇರಬಹುದು. ಒಂದು ವರ್ಷದ ಎಂಜಿನಿಯರಿಂಗ್ ಶುಲ್ಕ ಉಳಿಯುತ್ತದೆ, ನಡುವೆ ಕೆಲಸ ಸಿಕ್ಕರೆ ದುಡಿದು ನಂತರ ಓದಬಹುದು. ಸಾಲದ ಭಯವಿರುವ ಮನೆಗೆ ಇದು ಗೌರವದ ದಾರಿ. ನೆಂಟರ ಮಾತಿಗೆ ಅಂಜಿ ಇದನ್ನು ಬಿಡುವುದನ್ನು ನೋಡಿದಾಗ ನನಗೆ ನೋವಾಗುತ್ತದೆ.

ಓದು ನಡುವೆ ನಿಂತರೆ?

ನನ್ನ ಅನುಭವದಲ್ಲಿ ಅತಿ ಹೆಚ್ಚು ಕಷ್ಟಕ್ಕೆ ಸಿಕ್ಕವರು ಇವರೇ, ಏಕೆಂದರೆ ಸಾಲ ಉಳಿಯುತ್ತದೆ, ಪದವಿ ಇರುವುದಿಲ್ಲ, ಬಡ್ಡಿ ಸಹಾಯಧನವೂ ತಪ್ಪುತ್ತದೆ. ಮೊದಲ ಸೆಮಿಸ್ಟರ್‌ನಲ್ಲೇ ಮೂರು ನಾಲ್ಕು ಬ್ಯಾಕ್‌ಲಾಗ್ ಬಿದ್ದರೆ ಮಗುವನ್ನು ಗದರದೆ ಕೂರಿಸಿ ಕೇಳಿ. ಮನಸ್ಸಿಲ್ಲದ ಕೋರ್ಸಾದರೆ ಒಂದು ಲಕ್ಷದ ಸಾಲದಲ್ಲಿ ದಾರಿ ಬದಲಿಸುವುದು ಮೂರು ಲಕ್ಷದ ನಂತರ ಬಿಡುವುದಕ್ಕಿಂತ ಲೇಸು. ಆಸಕ್ತಿಯಿದ್ದೂ ಹಿಂದೆ ಬಿದ್ದಿದ್ದರೆ, ಓದು ಮುಗಿಸಲು ಗರಿಷ್ಠ ಎರಡು ವರ್ಷದವರೆಗೆ ಅವಧಿ ವಿಸ್ತರಿಸಲು ಮಾದರಿ ಯೋಜನೆಯಲ್ಲಿ ಅವಕಾಶವಿದೆ; ಶಾಖೆಗೆ ಹೋಗಿ ಬರವಣಿಗೆಯಲ್ಲಿ ಕೇಳಬೇಕು.

ಕೆಲಸ ಸಿಕ್ಕಿಲ್ಲ, ಕಂತು ಆರಂಭವಾಗಿದೆ. ಈಗ?

ಬ್ಯಾಂಕಿನ ಫೋನ್ ತೆಗೆಯದೆ ಇರುವುದು ಎಲ್ಲರೂ ಮಾಡುವ ಮೊದಲ ತಪ್ಪು. ಕಂತು ತಪ್ಪಿ 90 ದಿನ ಮೀರಿದರೆ ಖಾತೆ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ, ಮಗುವಿನ ಜೊತೆ ಸಹಿ ಹಾಕಿದ ತಂದೆ ತಾಯಿಯ ಸಿಬಿಲ್ ಅಂಕವೂ ಕುಸಿಯುತ್ತದೆ, ಮುಂದೆ ಟ್ರ್ಯಾಕ್ಟರ್ ಸಾಲಕ್ಕೂ ಅದು ಅಡ್ಡ ಬರುತ್ತದೆ. ಆ 90 ದಿನಕ್ಕೆ ಮೊದಲೇ ಶಾಖೆಗೆ ಹೋಗಿ ನಿರುದ್ಯೋಗದ ಕಾರಣ ನೀಡಿ ಬಿಡುವು ಕೇಳಿ. ಸಾಲದ ಇಡೀ ಅವಧಿಯಲ್ಲಿ ಎರಡು ಮೂರು ಬಾರಿ ಹೀಗೆ ಬಿಡುವು ಕೊಡಲು ಬ್ಯಾಂಕಿಗೆ ಅವಕಾಶವಿದೆ. ಅವಧಿಯನ್ನು 15 ವರ್ಷಕ್ಕೆ ಹೆಚ್ಚಿಸಿ ಕಂತು ಇಳಿಸಬಹುದು. ಆಮೇಲೆ ಸಂಬಳ ಏರಿದಾಗ ಹೆಚ್ಚು ಕಟ್ಟಿ ಬೇಗ ಮುಗಿಸಿದರೆ ದಂಡವಿಲ್ಲ. ವಸೂಲಿಗೆ ಬರುವವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ, ನೆಂಟರಿಷ್ಟರ ಮುಂದೆ ಅವಮಾನಿಸುವಂತಿಲ್ಲ. ಮೀರಿದರೆ ದೂರು ಕೊಡಿ. ಈ ಮಾತನ್ನು ಮಕ್ಕಳಿಗೂ ಹೇಳಿ: ಕಂತು ತಪ್ಪಿದ್ದು ಹಣದ ತೊಂದರೆಯೇ ಹೊರತು ಅಪರಾಧವಲ್ಲ, ಅದಕ್ಕಾಗಿ ಮನೆಯವರಿಂದ ಮುಖ ಮರೆಸಿಕೊಳ್ಳಬೇಕಿಲ್ಲ.

ರೈತರ ಸಾಲ ಮನ್ನಾ ಆದಂತೆ ಇದೂ ಮನ್ನಾ ಆಗುವುದಿಲ್ಲವೇ?

2018ರಲ್ಲಿ ನಮ್ಮ ರಾಜ್ಯ ಸರ್ಕಾರ ಘೋಷಿಸಿದ್ದು ಬೆಳೆಸಾಲದ ಮನ್ನಾ. ಶೈಕ್ಷಣಿಕ ಸಾಲ ಅದರಲ್ಲಿರಲಿಲ್ಲ. ಅಮೆರಿಕದಲ್ಲಿ ಅಂದಿನ ಅಧ್ಯಕ್ಷ ಬೈಡನ್ ಘೋಷಿಸಿದ್ದ ವಿದ್ಯಾರ್ಥಿ ಸಾಲ ಮನ್ನಾ ಯೋಜನೆಯನ್ನು ಅಲ್ಲಿನ ಸುಪ್ರೀಂ ಕೋರ್ಟ್ 2023ರ ಜೂನ್‌ನಲ್ಲಿ ತಳ್ಳಿಹಾಕಿತು. ಅಲ್ಲಿ ಸರ್ಕಾರಿ ಸಾಲದ ಕಂತನ್ನು ಆದಾಯಕ್ಕೆ ತಕ್ಕಂತೆ ಇಳಿಸುವ ವ್ಯವಸ್ಥೆಗಳಾದರೂ ಇವೆ. ನಮ್ಮಲ್ಲಿ ಸಂಬಳ ಎಷ್ಟೇ ಇರಲಿ ಕಂತು ನಿಗದಿಯಾದಷ್ಟೇ. ಮನ್ನಾ ಆದೀತೆಂದು ಕಾದವರ ಖಾತೆಯಲ್ಲಿ ಬಡ್ಡಿ ಮಾತ್ರ ಬೆಳೆದಿದೆ.

ವಿದೇಶಕ್ಕೆ ಕಳುಹಿಸಬೇಕೆಂದಿದ್ದೇವೆ, ಅಡಿಕೆ ತೋಟ ಅಡ ಇಡಬಹುದೇ?

ಚನ್ನಗಿರಿಯ ಕಡೆಯವರು ಕೇಳುವ ಪ್ರಶ್ನೆ. 4 ಲಕ್ಷ ಮೀರಿದ ವಿದೇಶಿ ಓದಿಗೆ ಶೇ 15 ನಿಮ್ಮ ಪಾಲು, 7.5 ಲಕ್ಷ ಮೀರಿದರೆ ಆಸ್ತಿಯ ಭದ್ರತೆ, ಜೊತೆಗೆ ರೂಪಾಯಿ ಮೌಲ್ಯ ಇಳಿದರೆ ಎರಡನೆಯ ವರ್ಷದ ಶುಲ್ಕ ತಾನಾಗಿ ಏರುತ್ತದೆ. ಮಗುವಿಗೆ ಅಲ್ಲಿ ಕೆಲಸದ ವೀಸಾ ಸಿಗದೆ ಹಿಂದಿರುಗಿದರೆ ಡಾಲರಿನ ಸಾಲವನ್ನು ಬೆಂಗಳೂರಿನ ಸಂಬಳದಲ್ಲಿ ತೀರಿಸಲಾಗುವುದೇ ಎಂದು ಲೆಕ್ಕ ಹಾಕಿ. ಆಗುವುದಿಲ್ಲವೆಂದಾದರೆ ಮನೆಮಂದಿಯ ಅನ್ನದ ತೋಟವನ್ನು ಅಡ ಇಡಬೇಡಿ.

ಮಗಳ ಹೆಸರಿನಲ್ಲಿ ಸಾಲವಿದ್ದರೆ ಮದುವೆಗೆ ತೊಂದರೆಯಾಗುವುದಿಲ್ಲವೇ?

ಈ ಪ್ರಶ್ನೆಯನ್ನು ತಾಯಂದಿರು ಎಲ್ಲ ಮುಗಿದ ಮೇಲೆ, ಬಾಗಿಲ ಬಳಿ ನಿಂತು, ತಗ್ಗಿದ ದನಿಯಲ್ಲಿ ಕೇಳುತ್ತಾರೆ. ಇದೇ ಕಾರಣಕ್ಕೆ ಮಗನಿಗೆ ಎಂಜಿನಿಯರಿಂಗ್, ಅವನಿಗಿಂತ ಹೆಚ್ಚು ಅಂಕ ಪಡೆದ ಮಗಳಿಗೆ ಹತ್ತಿರದ ಬಿಎ ಎಂದು ತೀರ್ಮಾನವಾದ ಮನೆಗಳನ್ನು ನಾನು ಬಲ್ಲೆ. ಸಾಲವನ್ನು ಬಚ್ಚಿಟ್ಟು ಸಂಬಂಧ ಮಾಡಬೇಡಿ. ಎಷ್ಟು ಉಳಿದಿದೆ, ಕಂತು ಎಷ್ಟು, ಅದನ್ನು ಮಗಳು ತನ್ನ ಸಂಬಳದಲ್ಲೇ ಕಟ್ಟುತ್ತಾಳೆ ಎಂದು ಮಾತುಕತೆಯ ದಿನವೇ ಹೇಳಿ. ಮದುವೆಯ ನಂತರವೂ ಅವಳು ದುಡಿಯುತ್ತಾಳೆ ಎಂಬ ಮಾತು ಅದರೊಂದಿಗೇ ಸ್ಪಷ್ಟವಾಗುತ್ತದೆ. ಮದುವೆಯಾಗಿ ಕೆಲಸ ಬಿಡಿಸಿದ್ದರಿಂದ ನಿವೃತ್ತಿಯ ಅಂಚಿನಲ್ಲಿರುವ ತಂದೆ ಕಂತು ಕಟ್ಟುತ್ತಿರುವುದನ್ನೂ ಕಂಡಿದ್ದೇನೆ. ಮದುವೆಯ ಖರ್ಚಿಗೆಂದು ಕೂಡಿಟ್ಟ ಹಣದಲ್ಲಿ ಒಂದು ಪಾಲನ್ನು ಅವಳ ಓದಿಗೆ ಹಾಕಿದರೆ ಸಾಲದ ಮೊತ್ತವೇ ಇಳಿಯುತ್ತದೆ ಎಂದು ನಾನು ಆ ತಾಯಂದಿರಿಗೆ ಹೇಳುತ್ತೇನೆ. ಕೆಲವರು ಒಪ್ಪಿದ್ದಾರೆ.

ಆದಾಯ ತೆರಿಗೆಯಲ್ಲಿ ರಿಯಾಯಿತಿ ಇದೆಯೇ?

ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ, ಕಟ್ಟಿದ ಬಡ್ಡಿಯ ಮೇಲೆ ಗರಿಷ್ಠ ಎಂಟು ವರ್ಷ ಇದೆ, ಅಸಲಿಗೆ ಇಲ್ಲ. ಹೊಸ ಪದ್ಧತಿಯಲ್ಲಿ ಈ ವಿನಾಯಿತಿ ಸಿಗುವುದಿಲ್ಲ.

ಸಾಲ ಪೂರ್ತಿ ತೀರಿದೆ. ಇನ್ನೇನಾದರೂ ಮಾಡಬೇಕೇ?

ಕೊನೆಯ ಕಂತು ಕಟ್ಟಿದ ವಾರವೇ ಶಾಖೆಯಿಂದ ಬಾಕಿಯಿಲ್ಲವೆಂಬ ಪತ್ರ ಪಡೆಯಿರಿ. ಹೊಲ ಅಥವಾ ಮನೆಯ ಪತ್ರ ಇಟ್ಟಿದ್ದರೆ 30 ದಿನದೊಳಗೆ ಮೂಲ ದಾಖಲೆಗಳನ್ನು ಹಿಂದಿರುಗಿಸಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಪಹಣಿಯ ಋಣದ ಕಲಮಿನಲ್ಲಿ ಬ್ಯಾಂಕಿನ ಹೆಸರು ತೆಗೆದಿದೆಯೇ ಎಂದು ನೋಡಿಕೊಳ್ಳಿ. ಎರಡು ತಿಂಗಳ ನಂತರ ಸಿಬಿಲ್ ವರದಿ ತೆಗೆಸಿ, ಮಗುವಿನ ಹೆಸರಿನಲ್ಲೂ ತಂದೆ ತಾಯಿಯ ಹೆಸರಿನಲ್ಲೂ ಆ ಸಾಲ ಮುಕ್ತಾಯವಾಗಿದೆ ಎಂದು ದಾಖಲಾಗಿರುವುದನ್ನು ಪರಿಶೀಲಿಸಿ, ಆ ಪತ್ರವನ್ನು ಪದವಿ ಪ್ರಮಾಣಪತ್ರದ ಜೊತೆಯಲ್ಲೇ ತೆಗೆದಿಡಿ.